ಸ್ಪೈಡರ್ ಆರ್‌ಟಿಗೆ ಟರ್ಬೊ ಹಾಕಿಸಿಕೊಂಡು ಓಡಿಸ್ತಿರೋರು ಯಾರಾದ್ರೂ ಇದ್ದೀರಾ?

ತ್ರಿಚಕ್ರಿ:
ನನ್ನ ಹತ್ರ ಇರೋದು ಮೂರು ಚಕ್ರದ ಬೈಕ್ ಕ್ಯಾನ್-ಆಮ್ ಸ್ಪೈಡರ್ ಆರ್‌ಟಿ, ಹಳೇ 998 ಸಿಸಿ ವಿ-ಟ್ವಿನ್ (ಎರಡು ಸಿಲಿಂಡರ್) ಎಂಜಿನ್ನಿಂದು, ಸೆಮಿ ಆಟೋಮ್ಯಾಟಿಕ್. ಒಬ್ಬನೇ ಹೋಗುವಾಗ ಏನೂ ತಕರಾರಿಲ್ಲ. ಹಿಂದೆ ಹೆಂಡತಿ, ಡಿಕ್ಕಿ ತುಂಬ ಲಗೇಜು, ಮುಂದೆ ಏರು ರಸ್ತೆ ಅಂದ್ರೆ ಮಾತ್ರ ಒಂದು ಲಾರಿ ದಾಟೋಕೂ ಎರಡು ಗೇರ್ ಇಳಿಸಿ ಎಂಜಿನ್ ಕಿರುಚಿಸ್ಬೇಕು. ಈಗ ಒಬ್ಬರು ಬಿಚ್ಚಿಟ್ಟ ಟರ್ಬೊ (ಎಕ್ಸಾಸ್ಟ್ ಗ್ಯಾಸ್ ರಭಸಕ್ಕೆ ಸುತ್ತಿ ಎಂಜಿನ್ನಿಗೆ ಗಾಳಿ ಒತ್ತಿ ತುಂಬೋದು) ಕಿಟ್ ಕೊಡ್ತೀನಿ ಅಂತಿದ್ದಾರೆ. ಒತ್ತಡ ಮಿತಿಯಲ್ಲಿಡೋ ವೇಸ್ಟ್‌ಗೇಟ್ ಸ್ಪ್ರಿಂಗ್ 6 ಪಿಎಸ್‌ಐದು, ಒತ್ತಿದ ಗಾಳಿ ತಣಿಸೋ ಇಂಟರ್‌ಕೂಲರ್ ಇಲ್ಲ. "ಹಾಕಿ, ಮರೆತುಬಿಡಿ" ಅಂತಾರೆ. ಪವರ್ ಎಷ್ಟು ಏರುತ್ತೆ ಅನ್ನೋದಕ್ಕಿಂತ ದಿನಾ ಓಡಿಸೋಕೆ ಹೇಗಿರುತ್ತೆ ಅನ್ನೋದು ನನ್ನ ಪ್ರಶ್ನೆ.

ಸುಮ್ನಿರಿ_ಸಾಕು:
ಗಾಡಿ ಮಾರಿ 1330 ಸಿಸಿ ಆರ್‌ಟಿ ತಗೊಳ್ಳಿ ಸರ್. ಆರ್‌ಟಿಗೆ 2014ರಿಂದ ಮೂರು ಸಿಲಿಂಡರ್ ಎಂಜಿನ್ ಬಂದಿದೆ. 115 ಎಚ್‌ಪಿ, 5000 ಆರ್‌ಪಿಎಂನಲ್ಲೇ 130 ಎನ್‌ಎಂ ಟಾರ್ಕ್. ಮೇಲಾಗಿ ಆರನೇ ಗೇರ್ ಒಂದು ಜಾಸ್ತಿ. ನೀವು ಹೇಳ್ತಿರೋ ಕಾಯಿಲೆಗೆ ಕಂಪನಿಯವರೇ ಕೊಟ್ಟ ಔಷಧ ಅದು.

ಗಾಲಿಗಿತ್ತಿ:
ಮೇಲಿನವರ ಮಾತು ತಪ್ಪಲ್ಲ. ಆದ್ರೆ ಕೇಳಿದ ಪ್ರಶ್ನೆಗೆ ಅದು ಉತ್ತರ ಅಲ್ಲ.

ನನ್ನದೂ 998 ಆರ್‌ಟಿ, ಟರ್ಬೊ ಇದೆ, ಇವತ್ತಿಗೂ ಅದೇ ಗಾಡಿ. ಓಡಿಸೋದು ನಾನು, ಹಿಂದೆ ಕೂರೋದು ನಮ್ಮೆಜಮಾನರು. ಬೂಸ್ಟ್ (ಟರ್ಬೊ ಕೊಡೋ ಹೆಚ್ಚಿನ ಒತ್ತಡ) ಬಂದಾಗ ಅವರ ಹೆಲ್ಮೆಟ್ ನನ್ನ ಹೆಲ್ಮೆಟ್ಟಿಗೆ ಬಡಿಯೋದು ನಿಂತು, ಬೆನ್ನು ಹಿಂದಿನ ಬಾಕ್ಸಿಗೆ ಒರಗುತ್ತೆ. ನನಗೆ ಬೂಸ್ಟ್ ಗೇಜ್ ನೋಡೋ ಅಗತ್ಯವೇ ಬೀಳಲ್ಲ.

ಮೊದಲು ಬಿಸಿ. ಟರ್ಬೊ ಇಲ್ಲದೇನೇ ಈ ಗಾಡಿ ಕಾಲು ಸುಡುತ್ತೆ ಅನ್ನೋದು ನಿಮಗೆ ಗೊತ್ತಿರೋದೇ. ಲೋಡ್ ಬಿದ್ದಾಗ ಎಕ್ಸಾಸ್ಟ್ ಗ್ಯಾಸ್ 800 ಡಿಗ್ರಿ ದಾಟುತ್ತೆ, ಆ ಬಿಸಿಯನ್ನೆಲ್ಲ ಕುಡಿಯೋ ಕಬ್ಬಿಣದ ಗಡ್ಡೆಯೊಂದನ್ನ ಫೇರಿಂಗ್ ಒಳಗೆ ಕೂರಿಸ್ತಿದ್ದೀರಿ. ಓಡ್ತಿರೋವಾಗ ಗಾಳಿ ಇರುತ್ತೆ, ತೊಂದರೆ ಇಲ್ಲ. ಕಾಡೋದು ಸಿಗ್ನಲ್‌ನಲ್ಲಿ, ಮತ್ತೆ ಗಾಡಿ ನಿಲ್ಲಿಸಿದ ಮೇಲಿನ ಹತ್ತು ನಿಮಿಷ. ಫೇರಿಂಗ್ ಪ್ಲಾಸ್ಟಿಕ್ಕು, ವೈರಿಂಗ್, ಬ್ರೇಕ್ ಪೈಪು ಎಲ್ಲಾ ಬೇಯೋದು ಆಗಲೇ. ಟರ್ಬೈನ್ ಹೌಸಿಂಗಿಗೆ ಹೊದಿಕೆ, ಪೈಪಿಗೆ ಸೆರಾಮಿಕ್ ಕೋಟಿಂಗ್, ಪ್ಯಾನೆಲ್ ಒಳಮೈಗೆ ಅಲ್ಯೂಮಿನಿಯಂ ಶೀಟು. ಈ ಮೂರೂ ಇಲ್ಲದ ಕಿಟ್ ಆದ್ರೆ ಅರ್ಧ ಕಿಟ್ ಅಂತಲೇ ಲೆಕ್ಕ ಹಾಕಿ. ಪೈಪಿಗೆ ಸುತ್ತೋ ಬಟ್ಟೆ ಪಟ್ಟಿ ನನಗಿಷ್ಟವಿಲ್ಲ. ಮಳೇಲಿ ನೀರು ಹಿಡ್ಕೊಂಡು ಒಳಗೊಳಗೇ ಪೈಪ್ ತಿನ್ನುತ್ತೆ.

ಆಮೇಲೆ ಆಯಿಲ್. ಟರ್ಬೊ ಶಾಫ್ಟು ನಿಮಿಷಕ್ಕೆ ಲಕ್ಷಕ್ಕೂ ಮೇಲೆ ಸುತ್ತುತ್ತೆ, ಅದನ್ನ ಹೊತ್ತಿರೋದು ತೆಳ್ಳನೆ ಆಯಿಲ್ ಪದರ ಅಷ್ಟೇ. ಏರು ಹತ್ತಿಸಿ ತಕ್ಷಣ ಕೀ ತಿರುಗಿಸಿದ್ರೆ ಹರಿವು ನಿಲ್ಲುತ್ತೆ, ಒಳಗೆ ಸಿಕ್ಕಿಕೊಂಡ ಆಯಿಲ್ ಸುಟ್ಟು ಇದ್ದಿಲಾಗುತ್ತೆ. ಹಾಗಾಗಿ ನಿಲ್ಲಿಸೋಕೆ ಮುಂಚಿನ ಒಂದೆರಡು ಕಿಲೋಮೀಟರ್ ಮೆಲ್ಲಗೆ ಬನ್ನಿ, ಆಮೇಲೆ ಒಂದು ನಿಮಿಷ ಐಡಲ್ ಬಿಡಿ. ಹಿಂದಿನವರು ಹಾರ್ನ್ ಹೊಡೆದ್ರೆ ಹೊಡೀಲಿ, ಪೆಟ್ರೋಲ್ ಬಂಕಿಗೆ ತಿರುಗೋ ಮುಂಚೇನೇ ಪಕ್ಕಕ್ಕೆ ಹಾಕಿ ಆ ಕೆಲಸ ಮುಗಿಸಿಬಿಡಿ. ಇನ್ನೊಂದು: ಟರ್ಬೊದಿಂದ ಆಯಿಲ್ ಇಳಿದು ವಾಪಸ್ ಹೋಗೋದು ತನ್ನ ಭಾರಕ್ಕೇ. ನಮ್ಮದು ಡ್ರೈ ಸಂಪ್ ಎಂಜಿನ್, ಆಯಿಲ್ ಟ್ಯಾಂಕ್ ಬೇರೆ. ಟರ್ಬೊ ಕೆಳಗೆ ಕೂತ್ರೆ ಆಯಿಲ್ ಎಳೆದು ತರೋಕೆ ಬೇರೆ ಪಂಪ್ ಬೇಕೇ ಬೇಕು. ಅದು ಕೆಲಸ ಬಿಟ್ಟ ದಿನ ಸೈಲೆನ್ಸರ್‌ನಿಂದ ನೀಲಿ ಹೊಗೆ ಬರುತ್ತೆ, ಎಂಜಿನ್ ಹೋಯ್ತು ಅಂತ ಎದೆ ಒಡ್ಕೋಬೇಡಿ.

ಇಂಟರ್‌ಕೂಲರ್ ವಿಷಯ. 30 ಡಿಗ್ರಿ ಗಾಳಿಯನ್ನ 6 ಪಿಎಸ್‌ಐಗೆ ಒತ್ತಿದ್ರೆ ಸಣ್ಣ ಕಂಪ್ರೆಸರ್‌ನಲ್ಲಿ ಅದು 75-80 ಡಿಗ್ರಿ ಆಗಿ ಹೊರಗೆ ಬರುತ್ತೆ. ಲಾರಿ ದಾಟೋ ನಾಲ್ಕು ಸೆಕೆಂಡಿಗೆ ಪರವಾಗಿಲ್ಲ. ಉದ್ದನೆ ಏರಿನಲ್ಲಿ ಬೂಸ್ಟ್ ಹಿಡಿದೇ ಇದ್ರೆ ನಾಕಿಂಗ್ (ಬಿಸಿಗೆ ಪೆಟ್ರೋಲ್ ತಾನೇ ಹೊತ್ತಿ ಎಂಜಿನ್ ಬಡಿಯೋದು) ಶುರು. ಕಾಗದದ ಮೇಲೆ ಹೊರಗಿನ ಗಾಳಿಯ ಒತ್ತಡ 14.7 ಪಿಎಸ್‌ಐಗೆ 6 ಕೂಡಿಸಿ 40 ಪರ್ಸೆಂಟ್ ಜಾಸ್ತಿ ಪವರ್ ಅಂತಾರಲ್ಲ, ಅದರಲ್ಲಿ ಒಂದಷ್ಟು ಈ ಬಿಸಿಗೇ ಹೋಗುತ್ತೆ.

ತ್ರಿಚಕ್ರಿ:
ಅಕ್ಕಾ, ತುಂಬಾ ಥ್ಯಾಂಕ್ಸ್. ಎರಡು ಅನುಮಾನ. ತಿರುವಿನಲ್ಲಿ ಬೂಸ್ಟ್ ಬಂದ್ರೆ ಸ್ಟೆಬಿಲಿಟಿ ಸಿಸ್ಟಮ್ ಏನು ಮಾಡುತ್ತೆ? ಮತ್ತೆ ಎತ್ತರದ ಜಾಗಗಳಲ್ಲಿ ಟರ್ಬೊ ಉಪಯೋಗ ನಿಜಾನಾ?

ಗಾಲಿಗಿತ್ತಿ:
ಎರಡನೇದು ಮೊದಲು, ಅದು ಖುಷಿ ವಿಷಯ. 2000 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು 80 ಪರ್ಸೆಂಟ್. ಟರ್ಬೊ ಇಲ್ಲದ ಎಂಜಿನ್ನಿನ ಪವರೂ ಹೆಚ್ಚುಕಮ್ಮಿ ಅಷ್ಟಕ್ಕೇ ಇಳಿಯುತ್ತೆ. ವೇಸ್ಟ್‌ಗೇಟ್ ಸ್ಪ್ರಿಂಗ್ ಹಿಡಿಯೋದು ಹೊರಗಿನ ಒತ್ತಡದ ಮೇಲಿನ 6 ಪಿಎಸ್‌ಐ, ಹಾಗಾಗಿ ಟರ್ಬೊ ಗಾಡಿಯೂ ಸ್ವಲ್ಪ ಕಳ್ಕೊಳ್ಳುತ್ತೆ. ಆದ್ರೂ ಅಲ್ಲಿನ 11.5 ಪಿಎಸ್‌ಐಗೆ 6 ಸೇರಿ ಹದಿನೇಳೂವರೆ. ಅಂದ್ರೆ ಆ ಎತ್ತರದಲ್ಲೂ ಎಂಜಿನ್ನಿಗೆ ಬಯಲು ಸೀಮೆಗಿಂತ ಗಟ್ಟಿ ಗಾಳಿ. ನಾನು ಇದನ್ನ ಇಟ್ಕೊಂಡಿರೋದೇ ಈ ಕಾರಣಕ್ಕೆ.

ಇನ್ನು ತಿರುವು. ನಮ್ಮ ಗಾಡಿ ಬೈಕಿನ ಥರ ವಾಲಲ್ಲ, ಒಳಗಡೆ ಚಕ್ರ ಹಗುರಾಗುತ್ತೆ. ಹಿಂದೆ ಇರೋದು ಒಂದೇ ಟೈರು. ಬೂಸ್ಟ್ ನಡುತಿರುವಿನಲ್ಲಿ ಬಂದು ಆ ಟೈರು ಜಾರಿದ್ರೆ ಸಿಸ್ಟಮ್ ಥ್ರಾಟಲ್ ಮುಚ್ಚುತ್ತೆ, ಬೇಕಾದ ಚಕ್ರಕ್ಕೆ ಬ್ರೇಕೂ ಹಾಕುತ್ತೆ. ಅದನ್ನ ಆಫ್ ಮಾಡೋಕೆ ಸ್ವಿಚ್ ಇಲ್ಲ, ಇರಬಾರದು ಕೂಡ. ತೊಂದರೆ ಏನಂದ್ರೆ, ಥ್ರಾಟಲ್ ಮುಚ್ಚಿದಾಗಲೂ ಟರ್ಬೊ ಸುತ್ತುತ್ತಾನೇ ಇರುತ್ತೆ, ಒತ್ತಿದ ಗಾಳಿಗೆ ಜಾಗ ಇರಲ್ಲ. ಬ್ಲೋ-ಆಫ್ ವಾಲ್ವ್ ಇಲ್ದಿದ್ರೆ ಅದು ಕಂಪ್ರೆಸರ್‌ಗೇ ವಾಪಸ್ ಬಡಿಯುತ್ತೆ. ಪಟಪಟ ಸದ್ದು ಕೇಳೋಕೆ ಚೆನ್ನ, ಬೇರಿಂಗಿಗೆ ಅಲ್ಲ. ಮಾರೋರ ಕಿಟ್‌ನಲ್ಲಿ ಆ ವಾಲ್ವ್ ಇದೆಯಾ ನೋಡಿ. ಓಡಿಸೋ ರೀತಿನೂ ಬದಲಾಗುತ್ತೆ: ತಿರುವಿಗೆ ಮುಂಚೆ ಗೇರ್ ಇಳಿಸಿ, ಹ್ಯಾಂಡಲ್ ನೇರ ಆದ್ಮೇಲೆ ಥ್ರಾಟಲ್ ಕೊಡಿ. ಟರ್ಬೊ ಲ್ಯಾಗ್ ಇರೋದ್ರಿಂದ ಕೊಟ್ಟಿದ್ದು ಒಂದು ಕ್ಷಣ ತಡವಾಗಿ ಸಿಗುತ್ತೆ ಅನ್ನೋದು ಕೈಗೆ ಅಭ್ಯಾಸ ಆಗಬೇಕು. ಒದ್ದೆ ರಸ್ತೆಯಲ್ಲಿ ನಾನು ಒಂದು ಗೇರ್ ಮೇಲೇ ಇಟ್ಟು ಬೂಸ್ಟ್ ಬರದ ಹಾಗೆ ಓಡಿಸ್ತೀನಿ.

ಸ್ಪ್ಯಾನರ್_ಹತ್ತು:
ಅಕ್ಕ ಕ್ಲಚ್ ಬಿಟ್ಟುಬಿಟ್ರು. ಗೇರ್‌ಬಾಕ್ಸ್, ಕ್ಲಚ್, ಟರ್ಬೊ ಮೂರಕ್ಕೂ ಒಂದೇ ಆಯಿಲ್. ಟರ್ಬೊಗೆ ಒಳ್ಳೇದು ಅಂತ ಕಾರಿನ ಆಯಿಲ್ ಹಾಕಿದ್ರೆ ಅದರ ಜಾರೋ ರಾಸಾಯನಿಕಕ್ಕೆ ಕ್ಲಚ್ ಪ್ಲೇಟ್ ಹಿಡಿಯಲ್ಲ. ಡಬ್ಬಿ ಮೇಲೆ ಜಾಸೊ ಎಂಎ (ಆಯಿಲ್‌ನಲ್ಲಿ ಮುಳುಗಿರೋ ಬೈಕ್ ಕ್ಲಚ್ಚಿಗೆ ಹೊಂದೋ ದರ್ಜೆ) ಅಂತ ಇರ್ಲೇಬೇಕು. ಟಾಪ್ ಗೇರಲ್ಲಿ ಆರ್‌ಪಿಎಂ ಏರಿ ಸ್ಪೀಡ್ ಏರದಿದ್ರೆ ಕ್ಲಚ್ ಸ್ಲಿಪ್ ಆಗ್ತಿದೆ ಅಂತ. ಕ್ಲಚ್ ಲಿವರ್ ಇಲ್ಲದ ಗಾಡಿ, ಕೈಗೆ ಗೊತ್ತಾಗಲ್ಲ, ಮೀಟರ್ ನೋಡಿಯೇ ಹಿಡೀಬೇಕು.

ಇಸಿಯು (ಎಂಜಿನ್ ಕಂಪ್ಯೂಟರ್) ಕೂಡ. ಕಂಪನಿ ಪ್ರೆಷರ್ ಸೆನ್ಸರ್ ಬೂಸ್ಟ್ ಓದೋಕೆ ಮಾಡಿದ್ದಲ್ಲ. ಬೂಸ್ಟ್ ಕಂಡ ಕೂಡಲೇ ತಪ್ಪು ತೋರಿಸಿ ಗಾಡಿ ಲಿಂಪ್ ಮೋಡಿಗೆ (ಪವರ್ ತಗ್ಗಿಸಿ ಕುಂಟೋ ಸ್ಥಿತಿಗೆ) ಹೋಗಬಹುದು. ಪೆಟ್ರೋಲ್ ಲೆಕ್ಕಕ್ಕೆ ಬೇರೆ ಕಂಟ್ರೋಲರ್, ಜೊತೆಗೆ ಗಾಳಿ-ಪೆಟ್ರೋಲ್ ಮಿಕ್ಸ್ಚರ್ ತೋರಿಸೋ ವೈಡ್‌ಬ್ಯಾಂಡ್ ಗೇಜ್ ಇಲ್ಲದ ಕಿಟ್ ಮುಟ್ಟಬೇಡಿ. ಬೂಸ್ಟ್‌ನಲ್ಲಿ ಒಂದು ಪಾಲು ಪೆಟ್ರೋಲಿಗೆ ಗಾಳಿ 12 ಪಾಲಿನ ಆಸುಪಾಸು ಇರಲಿ. 13 ದಾಟ್ತಾ ಇದ್ರೆ ಥ್ರಾಟಲ್ ಬಿಡಿ.

ತ್ರಿಚಕ್ರಿ:
ಕೇಳಿದೆ. ಬ್ಲೋ-ಆಫ್ ವಾಲ್ವ್ ಇದೆಯಂತೆ. ಕಂಟ್ರೋಲರ್ "ಎಲ್ಲೋ ಇರ್ಬೇಕು, ಹುಡುಕ್ತೀನಿ" ಅಂದ್ರು. ಆಯಿಲ್ ಪಂಪ್ ಅಂದಿದ್ದಕ್ಕೆ ಯಾವ ಪಂಪ್ ಅಂತ ನನ್ನನ್ನೇ ಕೇಳಿದ್ರು.

ಗಾಲಿಗಿತ್ತಿ:
ಹಾಗಾದ್ರೆ ಅದನ್ನ ಬಿಡಿ, ಕಿಟ್ ಇನ್ನೊಂದು ಸಿಗುತ್ತೆ. ಅಷ್ಟರಲ್ಲಿ ನಿಮ್ಮ ಎಂಜಿನ್ನಿಗೆ ಕಂಪ್ರೆಶನ್ ಟೆಸ್ಟ್, ಲೀಕ್‌ಡೌನ್ ಟೆಸ್ಟ್ (ಸಿಲಿಂಡರ್ ಒತ್ತಡ ಹಿಡಿಯುತ್ತಾ, ಸೋರುತ್ತಾ ಅಂತ ನೋಡೋದು) ಎರಡೂ ಮಾಡಿಸಿ. ಎರಡು ಸಿಲಿಂಡರ್ ನಡುವೆ ದೊಡ್ಡ ವ್ಯತ್ಯಾಸ ಬಂದ್ರೆ ಯಾವ ಕಿಟ್ಟೂ ಬೇಡ, ಮೊದಲ ಉತ್ತರ ಕೊಟ್ಟವರ ಮಾತು ಕೇಳಿ. ಹತ್ತಿರ ಹತ್ತಿರ ಇದ್ರೆ ರೀಡಿಂಗ್ ಇಲ್ಲಿ ಹಾಕಿ, ಮುಂದಿನದು ಮಾತಾಡೋಣ. ಇನ್ಶೂರೆನ್ಸ್‌ನವರಿಗೆ ಬರಹದಲ್ಲಿ ತಿಳಿಸದೆ ಮಾತ್ರ ಏನೂ ಫಿಟ್ ಮಾಡಿಸ್ಬೇಡಿ.