249 ಗ್ರಾಂ ತೂಕದ ಡ್ರೋನ್‌ಗೆ ಮುಂಬೈಯಲ್ಲಿ ಅನುಮತಿ ಬೇಕೇ?

ಮುಲುಂಡ್ ನಿವಾಸಿ:
ಎಲ್ಲರಿಗೂ ನಮಸ್ಕಾರ. ದುಬೈಯಲ್ಲಿರುವ ನನ್ನ ಭಾವ ದೀಪಾವಳಿಗೆ ಬರುವಾಗ 249 ಗ್ರಾಂ ತೂಕದ ಕ್ಯಾಮೆರಾ ಡ್ರೋನ್ ತಂದುಕೊಡುವುದಾಗಿ ಹೇಳಿದ್ದಾರೆ. 250 ಗ್ರಾಂ ಒಳಗಿನದಕ್ಕೆ ಯಾವ ಕಾನೂನೂ ಇಲ್ಲವೆಂದು ಯೂಟ್ಯೂಬಿನಲ್ಲಿ ಹಲವರು ಹೇಳುತ್ತಾರೆ. ನಮ್ಮ ಸೊಸೈಟಿಯ 22ನೇ ಮಹಡಿಯ ಮೇಲಿನ ತಾರಸಿಯಿಂದ ಎದುರಿನ ಬೆಟ್ಟಸಾಲನ್ನೂ, ಡಿಸೆಂಬರಿನಲ್ಲಿ ಗೋವಾಕ್ಕೆ ಹೋದಾಗ ಬೋಗ್ಮಾಳೊ ಕಡಲತೀರವನ್ನೂ ಚಿತ್ರೀಕರಿಸಬೇಕೆಂದಿದ್ದೇನೆ. ಹಣ ಸಂಪಾದನೆಯ ಉದ್ದೇಶವಿಲ್ಲ. ಇದಕ್ಕೆ ಪರವಾನಗಿ ಬೇಕೇ?

ಮಾಟುಂಗಾದ ವಕೀಲ:
ಪರವಾನಗಿಯ ಮಾತು ಆಮೇಲೆ. ಮೊದಲು ನಿಮ್ಮ ಭಾವನವರಿಗೆ ಫೋನ್ ಮಾಡಿ ತರುವುದು ಬೇಡವೆನ್ನಿ. 2022ರ ಫೆಬ್ರವರಿ 9ರ ಅಧಿಸೂಚನೆಯ ಮೂಲಕ ಕೇಂದ್ರ ಸರ್ಕಾರವು ವಿದೇಶಿ ಡ್ರೋನ್‌ಗಳ ಆಮದನ್ನು ನಿಷೇಧಿಸಿದೆ. ಬಿಡಿಭಾಗಗಳಿಗೆ ಅಡ್ಡಿಯಿಲ್ಲ, ಸಂಶೋಧನೆ, ರಕ್ಷಣೆ ಮತ್ತು ಭದ್ರತೆಯ ಉದ್ದೇಶಗಳಿಗೆ ವಿನಾಯಿತಿಯಿದೆ. ಬಂಧುಗಳಿಗೆ ತರುವ ಉಡುಗೊರೆ ಈ ವಿನಾಯಿತಿಯಲ್ಲಿ ಸೇರುವುದಿಲ್ಲವಾದ್ದರಿಂದ ಕಸ್ಟಮ್ಸ್‌ನವರು ಅದನ್ನು ತಡೆಹಿಡಿದರೆ ವಾದಿಸಲು ನಿಮ್ಮ ಬಳಿ ಏನೂ ಉಳಿಯುವುದಿಲ್ಲ.

ಇನ್ನು ಹಾರಾಟದ ವಿಷಯ. 2021ರ ಆಗಸ್ಟ್ 25ರಂದು ಪ್ರಕಟವಾದ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದು ನ್ಯಾನೊ, ಅಲ್ಲಿಂದ 2 ಕಿಲೋವರೆಗಿನದು ಮೈಕ್ರೊ. ನ್ಯಾನೊ ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರವಾಗಲಿ, ಮೂರನೇ ವ್ಯಕ್ತಿಯ ವಿಮೆಯಾಗಲಿ ಕಡ್ಡಾಯವಲ್ಲ. ಯೂಟ್ಯೂಬಿನವರು ಇಷ್ಟನ್ನೇ ಹಿಡಿದುಕೊಂಡು ಮಾತನಾಡುತ್ತಾರೆ. ಆದರೆ ಈ ರಿಯಾಯಿತಿ ಕಾಗದಪತ್ರಗಳಿಗೆ ಸಂಬಂಧಿಸಿದ್ದೇ ಹೊರತು ಆಕಾಶಕ್ಕೆ ಸಂಬಂಧಿಸಿದ್ದಲ್ಲ. ಡ್ರೋನ್‌ಗಳಿಗಾಗಿ ಸರ್ಕಾರ ನಡೆಸುವ ಡಿಜಿಟಲ್ ಸ್ಕೈ ತಾಣದ ನಕ್ಷೆಯಲ್ಲಿ ಕೆಂಪು ಬಣ್ಣವಿರುವ ಕಡೆ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ, ಹಳದಿ ಇರುವ ಕಡೆ ವಾಯು ಸಂಚಾರ ನಿಯಂತ್ರಣದವರ ಅನುಮತಿಯಿಲ್ಲದೆ ಎಷ್ಟೇ ಹಗುರವಾದ ಡ್ರೋನನ್ನೂ ಹಾರಿಸುವಂತಿಲ್ಲ. ಹಸಿರು ವಲಯದಲ್ಲಿ 400 ಅಡಿಯವರೆಗೆ ಅನುಮತಿ ಬೇಕಿಲ್ಲ. ಆದರೆ ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ದೂರದ ಪಟ್ಟಿಯಲ್ಲಿ ಈ ಮಿತಿ 200 ಅಡಿಗೆ ಇಳಿಯುತ್ತದೆ. ಅಳತೆ ನಿಲ್ದಾಣದ ಗಡಿಯಿಂದಲೇ ಹೊರತು ಟರ್ಮಿನಲ್‌ನಿಂದಲ್ಲ ಎಂಬುದನ್ನು ಗಮನಿಸಿ.

ಈ ಮಿತಿ ನೆಲದಿಂದ ಅಳೆಯುವ ಎತ್ತರಕ್ಕೆ ಸಂಬಂಧಿಸಿದ್ದು. 22 ಮಹಡಿಯ ಕಟ್ಟಡದ ತಾರಸಿಯೇ ಹೆಚ್ಚುಕಡಿಮೆ 200 ಅಡಿ ಮೇಲಿರುತ್ತದೆ. ನಿಮ್ಮ ರಿಮೋಟಿನ ಪರದೆಯಾದರೋ ಮೇಲೆದ್ದ ಜಾಗದಿಂದ ಲೆಕ್ಕ ಹಾಕಿ 'ಎತ್ತರ ಸೊನ್ನೆ' ಎನ್ನುತ್ತಿರುತ್ತದೆ. ಅಂದರೆ ಆ ಪಟ್ಟಿಯೊಳಗಿನ ಕಟ್ಟಡವಾದರೆ ಡ್ರೋನ್ ತಾರಸಿ ಬಿಟ್ಟು ಹೊರಬಂದ ಕ್ಷಣದಲ್ಲೇ ನೀವು ಹಸಿರಿನ ಮಿತಿ ದಾಟಿ ಹಳದಿ ವಲಯದಲ್ಲಿರಬಹುದು.

ಇದೆಲ್ಲ ಸರಿಯಿದ್ದರೂ ಮುಂಬೈ ಪೊಲೀಸರ ಆದೇಶವೊಂದಿದೆ. ಡ್ರೋನ್, ಪ್ಯಾರಾಗ್ಲೈಡರ್ ಮುಂತಾದವುಗಳ ಹಾರಾಟವನ್ನು ನಿಷೇಧಿಸಿ ಪೊಲೀಸ್ ಆಯುಕ್ತಾಲಯವು ಸೀಮಿತ ಅವಧಿಯ ಆದೇಶಗಳನ್ನು ಮತ್ತೆ ಮತ್ತೆ ಹೊರಡಿಸುತ್ತ ಬಂದಿದೆ. ಮೊದಲು 144ನೇ ಕಲಂ ಎನ್ನುತ್ತಿದ್ದುದು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ. ಆದೇಶ ಜಾರಿಯಲ್ಲಿರುವಾಗ ಹಾರಿಸಿದರೆ ಭಾರತೀಯ ನ್ಯಾಯ ಸಂಹಿತೆಯ 223ನೇ ಕಲಂ ಅಡಿ ಪ್ರಕರಣ ದಾಖಲಾಗಬಹುದು. ನಕ್ಷೆಯ ಹಸಿರು ಬಣ್ಣವನ್ನು ತೋರಿಸಿ ಇದರಿಂದ ಪಾರಾಗಲು ಸಾಧ್ಯವಿಲ್ಲ.

ಪುಣೆಯ ಹವ್ಯಾಸಿ:
ವಕೀಲರ ಮಾತಿಗೆ ಒಂದೇ ಸೇರ್ಪಡೆ. ತೂಕವೆಂದರೆ ಬ್ಯಾಟರಿ, ಮೆಮೊರಿ ಕಾರ್ಡ್, ರೆಕ್ಕೆಗಳ ರಕ್ಷಾಕವಚ ಎಲ್ಲವೂ ಸೇರಿದ ಒಟ್ಟು ತೂಕ. ಹೆಚ್ಚು ಹೊತ್ತು ಹಾರಲೆಂದು ದೊಡ್ಡ ಬ್ಯಾಟರಿ ಹಾಕಿದರೆ 249 ಗ್ರಾಂನ ಡ್ರೋನ್ ಸದ್ದಿಲ್ಲದೆ ಮೈಕ್ರೊ ಆಗಿಬಿಡುತ್ತದೆ. ಆಗ ಹವ್ಯಾಸಕ್ಕಾದರೆ ಪೈಲಟ್ ಪ್ರಮಾಣಪತ್ರ ಬೇಡವೆಂಬುದು ನಿಜವಾದರೂ ವಿಮೆ ಬೇಕಾಗುತ್ತದೆ. ನಮ್ಮಲ್ಲಿ ಲೋಹಗಾಂವ್ ನಿಲ್ದಾಣವು ವಾಯುಪಡೆಯ ನೆಲೆಯೂ ಹೌದು, ಖಡಕ್‌ವಾಸ್ಲಾದಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಿದೆ. ಜಲಾಶಯದ ನೋಟಕ್ಕೆ ಮರುಳಾಗಿ ಅಲ್ಲೇ ಡ್ರೋನ್ ತೆಗೆಯುವವರನ್ನು ಕಂಡಾಗ ನನಗೇ ಗಾಬರಿಯಾಗುತ್ತದೆ.

ವಾಸ್ಕೊದಿಂದ:
ಬೋಗ್ಮಾಳೊ ಬಿಟ್ಟುಬಿಡಿ. ಅದು ದಾಬೋಲಿಂ ನಿಲ್ದಾಣದ ಬಗಲಲ್ಲೇ ಇದೆ. ಆ ನಿಲ್ದಾಣ ನೌಕಾಪಡೆಯ ಐಎನ್ಎಸ್ ಹಂಸಾ ನೆಲೆಯೂ ಆಗಿದೆ. ಉತ್ತರ ಗೋವಾದಲ್ಲಿ 2023ರಿಂದ ಮೋಪಾ ನಿಲ್ದಾಣವೂ ನಡೆಯುತ್ತಿರುವುದರಿಂದ ಹಳೆಯ ವಿಡಿಯೊಗಳನ್ನು ನಂಬಿ ಹೋಗಬೇಡಿ. ಹಳೆ ಗೋವಾದ ಚರ್ಚುಗಳ ಮೇಲೆ ಹಾರಿಸುವುದಾದರೆ ಪುರಾತತ್ತ್ವ ಇಲಾಖೆಯ ಅನುಮತಿ ಬೇರೆಯೇ ಬೇಕು.

ಮುಲುಂಡ್ ನಿವಾಸಿ:
ಧನ್ಯವಾದಗಳು. ಭಾವನವರಿಗೆ ವಿಷಯ ತಿಳಿಸಿದೆ, ಇನ್ನೂ ಖರೀದಿಸಿರಲಿಲ್ಲ. ಭಾರತದಲ್ಲೇ ತಯಾರಾದ ನ್ಯಾನೊ ಡ್ರೋನ್ ಕೊಂಡು ಊರಿನಲ್ಲಿ, ಶಿರಸಿಯ ಬಳಿಯ ನಮ್ಮ ತೋಟದ ಮೇಲೆ ಹಾರಿಸಿದರೆ?

ಮಾಟುಂಗಾದ ವಕೀಲ:
ತೋಟವಿರುವ ಜಾಗ ನಕ್ಷೆಯಲ್ಲಿ ಹಸಿರಾಗಿದ್ದು, ಪಕ್ಕದಲ್ಲಿ ಅಭಯಾರಣ್ಯವಿಲ್ಲದಿದ್ದರೆ 400 ಅಡಿಯೊಳಗೆ, ಡ್ರೋನ್ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಹಾರಿಸಿ. ವಲಯಗಳು ಬದಲಾಗುತ್ತಿರುತ್ತವೆ, ಆದ್ದರಿಂದ ನಕ್ಷೆಯನ್ನು ಹಾರಿಸುವ ದಿನವೇ ನೋಡಿಕೊಳ್ಳಿ. ಕೊಳ್ಳುವಾಗ ಬಿಲ್ ಕೇಳಿ ಪಡೆಯಿರಿ, ಬಿಲ್ ಕೊಡದವರಲ್ಲಿ ಕೊಳ್ಳಬೇಡಿ.