ಸಹಾಯ ಬೇಕು: ವರ್ಷದ ಓದನ್ನು ಪುಸ್ತಕದಲ್ಲಿ ಎಣಿಸೋದಾ, ಪುಟದಲ್ಲಾ?

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ನಮ್ಮ ಓದುಗರ ಬಳಗದ ಈ ವರ್ಷದ ಸವಾಲು 24 ಪುಸ್ತಕ. ಲೆಕ್ಕ ಹಾಕುವಾಗ ತೊಡಕು ಕಾಣ್ತಿದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಓದಿದರೂ ಒಂದೇ ಅಂಕ, 80 ಪುಟದ ಕವನ ಸಂಕಲನಕ್ಕೂ ಒಂದೇ ಅಂಕ. ಹಾಗಾಗಿ ಅಕ್ಟೋಬರ್ ದಾಟಿದ ಮೇಲೆ ಎಲ್ಲರ ಕೈಗೂ ತೆಳು ಪುಸ್ತಕವೇ ಬರುತ್ತೆ, ದಪ್ಪ ಕಾದಂಬರಿ ಕಪಾಟಲ್ಲೇ ಕೂರುತ್ತೆ. ಇದರಿಂದ ಸವಾಲಿನ ಉದ್ದೇಶವೇ ಕೆಡುತ್ತೆ.

ಮುಂದಿನ ವರ್ಷಕ್ಕೆ ಪುಟದ ಲೆಕ್ಕ ಯೋಚಿಸಿದ್ದೇವೆ: ದಿನಕ್ಕೆ 20, ವರ್ಷಕ್ಕೆ 7,300. 600 ಪುಟದ ಕಾದಂಬರಿಗೆ 30 ದಿನ. ಆದರೆ ಇದನ್ನು ತಿಂಗಳಿಗೆ 608ರಂತೆ ಸಮನಾಗಿ ಹಂಚಿದರೆ ಮಲೆನಾಡಲ್ಲಿ ನಡೆಯಲ್ಲ. ಜುಲೈಯಲ್ಲಿ ನಟ್ಟಿ, ಜೊತೆಗೆ ಕರೆಂಟಿರಲ್ಲ. ನವೆಂಬರ್, ಡಿಸೆಂಬರ್‌ನಲ್ಲಿ ಅಡಿಕೆ ಕೊಯ್ಲು, ರಾತ್ರಿ ಸುಲಿಯೋ ಕೆಲಸ. ಈ ಮೂರು ತಿಂಗಳಿಗೆ ತಲಾ 300 ಇಟ್ಟರೆ ಉಳಿದ ಒಂಬತ್ತಕ್ಕೆ ತಲಾ 711 ಬೀಳುತ್ತೆ. ಇದು ಜಾಸ್ತಿಯಾಯ್ತಾ?

ಕವನ, ನಾಟಕದ ಒಂದು ಪುಟವನ್ನು ಎರಡೆಂದು ಹಿಡಿದು ನೋಡಿದವರು ಇದ್ದೀರಾ? ಅರ್ಧಕ್ಕೆ ಬಿಟ್ಟ ಪುಸ್ತಕದ ಓದಿದಷ್ಟು ಪುಟವನ್ನಾದರೂ ಸೇರಿಸಬೇಕು ಅನ್ನೋದು ನಮ್ಮ ಅಭಿಪ್ರಾಯ. ಇಲ್ಲದಿದ್ದರೆ ಹಿಡಿಸದ ಪುಸ್ತಕವನ್ನೂ ಅಂಕಕ್ಕಾಗಿ ಎಳೆದಾಡ್ತಾರೆ.

ಇನ್ನೊಂದು: ಲೆಕ್ಕದ ನೋಟ್‌ಬುಕ್. ಮಳೆಗಾಲದ ಥಂಡಿಗೆ ಹಾಳೆ ಮೆತ್ತಗಾಗಿ ಜೆಲ್ ಪೆನ್ನಿನ ಬರಹ ಹರಡುತ್ತೆ, ಬಾಲ್ ಪೆನ್ನೇ ವಾಸಿ. ಶುರುವಿನ ದಿನ, ಮುಗಿದ ದಿನ, ಪುಟ, ಬಿಟ್ಟ ಕಾರಣ ಅಂತ ನಾಲ್ಕು ಕಾಲಂ ಇದೆ. ಇನ್ನೇನು ಬೇಕು? ನಿಮ್ಮ ಪುಟದ ಫೋಟೋ ಹಾಕಿದರೆ ತುಂಬಾ ಉಪಕಾರ.