ಸಹಾಯ ಬೇಕು: ನೋವಿನ ಅಂಕ ಕೇಳೋದು ಹೇಗೆ?

ಆಪರೇಷನ್ ವಾರ್ಡಿಗೆ 0–10 ನೋವಿನ ಚಾರ್ಟು ಕನ್ನಡದಲ್ಲಿ ಮಾಡ್ತಿದ್ದೀವಿ. 0 ಅಂದರೆ ನೋವೇ ಇಲ್ಲ, 10 ಅಂದರೆ ಊಹಿಸಬಹುದಾದ ಅತಿ ಹೆಚ್ಚು ನೋವು. ತೊಡಕು ವಯಸ್ಸಾದವರಲ್ಲಿ. ‘ಈಗೆಷ್ಟಿದೆ ಅಜ್ಜಿ?’ ಅಂದರೆ ‘ರೂಪಾಯಿಗೆ ಎಂಟಾಣೆ ಕಮ್ಮಿಯಾಗೈತವ್ವ’ ಅಂತಾರೆ. ಅದನ್ನು 5 ಅಂತ ಬರೆದರೆ ತಪ್ಪು. ಅವರು ಹೇಳಿದ್ದು ಎಷ್ಟು ಇಳಿದಿದೆ ಅನ್ನೋದು. ಮೊದಲು 8 ಇದ್ದರೆ ಈಗ 4. ಕೆಲವರು ಪರೀಕ್ಷೆ ಮಾರ್ಕ್ಸಿನ ಹಾಗೆ 10 ಅಂದರೆ ಆರಾಮ ಅಂದುಕೊಳ್ತಾರೆ. ನೋವು ಎಷ್ಟಿದೆ ಅಂತ ರೋಗಿಯೇ ಗೆರೆಯ ಮೇಲೆ ಗುರುತು ಹಾಕುವ 100 ಮಿ.ಮೀ. ಗೆರೆಯ ಹಾಳೆ ಬೇಡ, ಜೆರಾಕ್ಸ್ ಮಾಡಿದಾಗ ಗೆರೆಯ ಉದ್ದವೇ ಬದಲಾಗುತ್ತೆ.

ಅಂಕಿ ಹಿಡಿಸದವರಿಗೆ ಆರು ಮುಖಗಳ ಚಿತ್ರವೋ, ‘ಇಲ್ಲ, ಸ್ವಲ್ಪ, ಸುಮಾರು, ವಿಪರೀತ’ ಅನ್ನೋ ಮಾತೋ? ಸುಮ್ಮನೆ ಮಲಗಿದ್ದಾಗ ಮತ್ತು ಕೆಮ್ಮಿದಾಗ ಬೇರೆಬೇರೆಯಾಗಿ ಕೇಳಲು ನೀವು ಬಳಸುವ ವಾಕ್ಯ ಇದ್ದಹಾಗೇ ಹಾಕಿ, ನಿಮ್ಮೂರ ಮಾತಲ್ಲೇ ಇರಲಿ.